ಎದುರಿಗೆ ಬಂದವಳು

ನನ್ನ ತಮ್ಮನ ಹೆಂಡತಿ ಶ್ರುತಿ ನಾಲ್ಕು ವರ್ಷದಿಂದ ಓದುತ್ತಿದ್ದದ್ದು ಒಂದೇ ಒಂದು ಮಾತನ್ನು. ಬರುವುದು. ಅದೂ ನಮ್ಮ ಭಾಷೆಯ ಬರುವುದಲ್ಲ. ಯೂರೋಪಿನಲ್ಲಿ ಇಂಗ್ಲಿಷು, ಜರ್ಮನ್, ಡಚ್ಚು, ಸ್ವೀಡಿಷ್ ಎಲ್ಲ ಸೇರಿದ ಒಂದು ಭಾಷೆಗಳ ಕುಟುಂಬ ಇದೆಯಂತೆ, ಅದಕ್ಕೆ ಜರ್ಮಾನಿಕ್ ಅನ್ನುತ್ತಾರಂತೆ. ಆ ಕುಟುಂಬದವರು ಬರುವುದಕ್ಕೆ ಏನನ್ನುತ್ತಾರೆ, ಆ ಮಾತು ಎಲ್ಲಿ ಹುಟ್ಟಿತು, ಹೋದಹೋದ ಕಡೆ ಏನೇನು ಅರ್ಥ ಅಂಟಿಸಿಕೊಂಡಿತು, ಇಷ್ಟೇ ವಿಷಯ. ಇದಕ್ಕೆ ಡಾಕ್ಟರೇಟ್ ಕೊಡುತ್ತಾರೆ ಅಂದರೆ ಗಣಿ ಕೆಲಸಗಾರರ ಸಾಲುಮನೆಗಳ ನಮ್ಮ ಊರಿಗಾಂ ಲೈನಿನಲ್ಲಿ ಒಬ್ಬರೂ ನಂಬಲಿಲ್ಲ.

ನಾನೂ ನಂಬಿರಲಿಲ್ಲ. ಮದುವೆಯಾಗಿ ಬೂದಿಕೋಟೆ ಹತ್ತಿರದ ಊರು ಸೇರಿ, ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ನನಗೆ ಬರುವುದು ಅಂದರೆ ಬರುವುದು, ಹೋಗುವುದು ಅಂದರೆ ಹೋಗುವುದು. ನನ್ನ ಬಾಯಿ ಸ್ವಲ್ಪ ಜಾಸ್ತಿ, ಅದು ಎಲ್ಲರಿಗೂ ಗೊತ್ತು. ಮೊದಲ ವರ್ಷವೇ ಅವಳಿಗೆ ಹೇಳಿದ್ದೆ, "ಬರೋದು ಓದೋಕೆ ವರ್ಸಗಟ್ಲೆ ಆದ್ರೆ, ಕುಂತ್ಕೊಳೋದು ಓದೋಕೆ ಎಷ್ಟು ಬೇಕಮ್ಮಾ?" ಅಂತ. ಅವಳು ನಕ್ಕಿದ್ದಳು. ತುಮಕೂರಿನ ಹುಡುಗಿ, ಬ್ಯಾಂಕಿನ ಸಾಹೇಬರ ಮಗಳು, ಸುಲಭಕ್ಕೆ ಸಿಟ್ಟಾಗುವವಳಲ್ಲ.

ಅವರೆಕಾಯಿ ಕಾಲ. ನಮ್ಮ ಹೊಲದ್ದು ಒಂದು ಚೀಲ ಹೊತ್ತುಕೊಂಡು ಅಮ್ಮನ ಮನೆಗೆ ಹೋಗಿದ್ದೆ. ಅಮ್ಮ ಅಂದರೆ ಮುನಿಶಾಮಮ್ಮ. ಅಪ್ಪ ವೆಂಕಟೇಶಪ್ಪ ಚಿನ್ನದ ಗಣಿಯಲ್ಲಿ ದುಡಿದವರು, ಗಣಿ ಮುಚ್ಚಿದ ಮೇಲೂ ಆ ಲೈನಿನ ಮನೆ ಬಿಡದವರು, ಅಲ್ಲೇ ದಮ್ಮು ಕಾಯಿಲೆಯಲ್ಲಿ ತೀರಿಕೊಂಡವರು. ಆರು ವರ್ಷವಾಯಿತು. ಈಗ ಆ ಮನೆಯಲ್ಲಿ ಅಮ್ಮ, ತಮ್ಮ ನಂದಕುಮಾರ್, ಶ್ರುತಿ ಮೂವರೇ. ತಮ್ಮ ದಿನಾ ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತಾನೆ.

ನಾನು ಹೋದ ಮಾರನೆಯ ದಿನವೇ ಶ್ರುತಿಗೆ ಕೊನೆಯ ಪರೀಕ್ಷೆ. ಬರೆಯುವ ಪರೀಕ್ಷೆಯಲ್ಲ, ಬೆಂಗಳೂರಿನ ಯೂನಿವರ್ಸಿಟಿಯಲ್ಲಿ ದೊಡ್ಡವರ ಮುಂದೆ ನಿಂತು ತಾನು ಬರೆದ ಪುಸ್ತಕದಷ್ಟು ದಪ್ಪದ ಪ್ರಬಂಧವನ್ನು ಸಮರ್ಥಿಸಿಕೊಳ್ಳಬೇಕು. ಎರಡು ಸಲ ದಿನ ಗೊತ್ತಾಗಿ ಎರಡು ಸಲವೂ ಮುಂದೆ ಹೋಗಿತ್ತು. ಈ ಸಲ ತಪ್ಪಿದರೆ ಕಷ್ಟವಿತ್ತು. ಅವಳ ಗೈಡು ಆ ತಿಂಗಳ ಕೊನೆಗೆ ನಿವೃತ್ತಿ. ಆಮೇಲೆ ಹೊಸ ಗೈಡನ್ನು ಹುಡುಕಬೇಕು, ಅವರಿಗೆ ಇಷ್ಟವಾಗುವಂತೆ ಮತ್ತೆ ಬರೆಯಬೇಕು. ಇನ್ನೊಂದು ಸಲ ಬರೆಯುವ ಶಕ್ತಿ ತನಗಿಲ್ಲ ಅಂತ ಅವಳೇ ನನ್ನ ಹತ್ತಿರ ಹೇಳಿದ್ದಳು.

ಆ ಮಧ್ಯಾಹ್ನ ಅವಳು ನಮ್ಮಿಬ್ಬರನ್ನು ಕೂರಿಸಿಕೊಂಡು ಅಭ್ಯಾಸ ಮಾಡಿದಳು. ಕುರ್ಚಿಯ ಮೇಲೆ ಲ್ಯಾಪ್‌ಟಾಪು, ನೆಲದ ಮೇಲೆ ಅವರೆಕಾಯಿ ರಾಶಿ. ನಾವು ಕಾಯಿ ಬಿಡಿಸುತ್ತಾ ಪರೀಕ್ಷಕರಾದೆವು.

"ಇಂಗ್ಲಿಷಲ್ಲಿ ಕಮ್. ಜರ್ಮನ್ನಲ್ಲಿ ಕೊಮ್ಮೆನ್. ಡಚ್ಚಲ್ಲಿ ಕೋಮೆನ್, ಸ್ವೀಡಿಷಲ್ಲಿ ಕೊಮ್ಮ, ಐಸ್‌ಲ್ಯಾಂಡಿನವರದ್ದು ಕೋಮ," ಅಂದಳು. ಅಷ್ಟೂ ಅಣ್ಣತಮ್ಮಂದಿರ ಮುಖದ ಹಾಗೆ ಒಂದೇ ಜಾಡಿನವು ಅಂತ ನನಗೂ ತಿಳಿಯಿತು. ಸಾವಿರ ವರ್ಷದ ಹಿಂದೆ ಇಂಗ್ಲಿಷಿನವರೂ ಕುಮನ್ ಅನ್ನುತ್ತಿದ್ದರಂತೆ. ಅದಕ್ಕೂ ಹಿಂದೆ ಗೋಥರು ಅಂತ ಒಂದು ಜನ ಇದ್ದರಂತೆ, ಅವರದು ಕ್ವಿಮನ್. ಆ ಭಾಷೆ ಆಡುವವರು ಈಗ ಭೂಮಿಯ ಮೇಲೆ ಒಬ್ಬರೂ ಇಲ್ಲವಂತೆ. ಅವರ ಕಾಲದ ಒಂದು ಧರ್ಮಗ್ರಂಥದ ತರ್ಜುಮೆ, ಮತ್ತೆ ಒಂದಷ್ಟು ಚೂರುಪಾರು, ಇಷ್ಟೇ ಉಳಿದಿರುವುದು.

"ಒಬ್ರೂ ಇಲ್ವಾ?" ಅಂದಳು ಅಮ್ಮ. "ಪಾಪ."

ಆ ಪಾಪ ಅನ್ನುವುದನ್ನು ಅಮ್ಮ ಪಕ್ಕದ ಲೈನಿನಲ್ಲಿ ಯಾರೋ ಹೋದರು ಅನ್ನುವಂತೆಯೇ ಅಂದಳು. ಶ್ರುತಿ ಮುಂದುವರಿಸಿದಳು. ಈ ಮಾತಿಗೆ ಮುಂದೊಂದು ಅಕ್ಷರದ ಬಾಲ, ಅಲ್ಲ, ಕೊಂಬು ಸೇರಿ ಇನ್ನೊಂದು ಮಾತಾಯಿತಂತೆ. ಹಳೆಯ ಕಾಲದಲ್ಲಿ ಅದಕ್ಕೆ ಬಂದು ತಲುಪುವುದು ಅಂತ ಅರ್ಥ. ಇಂಗ್ಲಿಷಿನವರ ಬಾಯಲ್ಲಿ ಅದು ಬಿಕಮ್, ಅಂದರೆ ಆಗುವುದು ಅಂತಾಯಿತು, ಮಗು ದೊಡ್ಡದಾಯಿತು ಅನ್ನುತ್ತೇವಲ್ಲ ಹಾಗೆ. ಜರ್ಮನರ ಬಾಯಲ್ಲಿ ಬೆಕೊಮ್ಮೆನ್, ಅಂದರೆ ಸಿಗುವುದು ಅಂತಾಯಿತು, ಸಂಬಳ ಕೈಗೆ ಬಂತು ಅನ್ನುವ ಹಾಗೆ. ಒಂದೇ ಬೀಜ, ಎರಡು ಹೊಲ, ಎರಡು ಬೆಳೆ. ಜರ್ಮನರು ನಾಳೆ ಎಂಬುದಕ್ಕೂ, ಅಂದರೆ ಮುಂದಿನ ಕಾಲಕ್ಕೂ, ಇದೇ ಬೇರಿನಿಂದಲೇ ಹೆಸರು ಮಾಡಿಕೊಂಡಿದ್ದಾರಂತೆ. ನಮ್ಮ ಕಡೆಗೆ ಬರುತ್ತಿರುವುದು ಅಂತ.

ಕೊನೆಗೆ ಅವಳು ಎಲ್ಲಕ್ಕಿಂತ ಇಷ್ಟದ ಭಾಗಕ್ಕೆ ಬಂದಳು. ಕಮ್, ಕೊಮ್ಮೆನ್, ಕ್ವಿಮನ್ ಇವಕ್ಕೆಲ್ಲ ಮೂಲವಾದ ಬೇರು ಇನ್ನೂ ಹಳೆಯದಂತೆ, ಅದರ ಇನ್ನೊಂದು ಕವಲು ನಮ್ಮ ದೇಶಕ್ಕೆ ಬಂದು ಸಂಸ್ಕೃತದಲ್ಲಿ ಗಮ್ ಆಯಿತಂತೆ. ಗಮನ, ನಿರ್ಗಮನ ಎಲ್ಲ ಅದರದ್ದೇ. ಆದರೆ ಗಮ್ ಅಂದರೆ ಹೋಗುವುದು.

ಅಮ್ಮನ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು. "ಅಂಗಾರೆ ಒಂದೇ ಮಾತು, ಆ ದೇಸದಲ್ಲಿ ಬರೋದು, ಈ ದೇಸದಲ್ಲಿ ಓಗೋದಾ?"

"ಹೌದು ಅತ್ತೆ. ಮೊದಲು ಅದಕ್ಕೆ ಹೆಜ್ಜೆ ಇಡೋದು ಅಂತಷ್ಟೇ ಅರ್ಥ ಇದ್ದಿರಬೇಕು ಅಂತಾರೆ. ಹೆಜ್ಜೆ ಇಡೋನು ಒಬ್ಬನೇ. ನೋಡೋರು ಅವನು ಬಿಟ್ಟ ಕಡೆ ನಿಂತಿದ್ರೆ ಅವನು ಹೋದ. ಅವನು ಸೇರೋ ಕಡೆ ನಿಂತಿದ್ರೆ ಅವನು ಬಂದ."

"ನಿಂತು ನೋಡೋರು ಇರಬೇಕಲ್ಲ," ಅಂತ ಅಮ್ಮ ಬಿಡಿಸಿದ ಕಾಳನ್ನು ಬುಟ್ಟಿಗೆ ಸುರಿದು, ಎದ್ದು ಒಲೆಯ ಕಡೆಗೆ ಹೋದಳು. ಶ್ರುತಿಯ ಮುಖ ಬಾಡಿತು. ಇಷ್ಟು ಹೇಳಿದರೂ ಅತ್ತೆ ಒಂದು ಒಳ್ಳೆಯ ಮಾತು ಆಡಲಿಲ್ಲ ಅಂತ ಅವಳಿಗೆ ಅನ್ನಿಸಿರಬೇಕು. ನನಗೂ ಹಾಗೇ ಅನ್ನಿಸಿತು.

ಮಾರನೆಯ ಬೆಳಿಗ್ಗೆ ತಮ್ಮ ಆಗಲೇ ಕೆಲಸಕ್ಕೆ ಹೊರಟುಹೋಗಿದ್ದ. ಶ್ರುತಿ ರೇಷ್ಮೆ ಅಂಚಿನ ಸೀರೆ ಉಟ್ಟು, ದೇವರಿಗೆ ಕೈ ಮುಗಿದು, ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡಳು. ಅವಳು ಚಪ್ಪಲಿ ಹುಡುಕುವ ಹೊತ್ತಿಗೆ ಅಮ್ಮ ಎಂದಿನಂತೆ ಹಿತ್ತಲಿಗೆ ಹೋದಳು. ಶ್ರುತಿ ಹಿತ್ತಲ ಬಾಗಿಲ ಕಡೆ ನೋಡಿ, "ಅತ್ತೆ, ಹೋಗಿಬರ್ತೀನಿ," ಅಂತ ಕೂಗಿದಳು. "ಊಂ," ಅಂತ ಬಂತು ಉತ್ತರ. ನೀರು ಸುರಿಯುವ ಸದ್ದೂ ಬಂತು. ಶ್ರುತಿ ನನ್ನ ಮುಖ ನೋಡಿ ಹೊರಟಳು.

ಅವಳು ಬೀದಿಯ ಅರ್ಧ ದಾಟಿರಬೇಕು, ಒಳಗೆ ಬಂದ ಅಮ್ಮ ಕಿಟಕಿಯ ಕಟ್ಟೆ ನೋಡಿ ಹೌಹಾರಿದಳು. ಶ್ರುತಿಯ ಕನ್ನಡಕ ಅಲ್ಲೇ ಇತ್ತು. ಓದುವಾಗ ಮಾತ್ರ ಹಾಕುವ ಕನ್ನಡಕ, ಅದಿಲ್ಲದಿದ್ದರೆ ಅವಳಿಗೆ ಅಕ್ಷರಗಳೆಲ್ಲ ಇರುವೆ ಸಾಲಿನ ಹಾಗೆ ಹರಿದಾಡುತ್ತವೆ. ದೊಡ್ಡವರು ಪುಟ ತಿರುವಿ ಇದೇನು ಅಂತ ಕೇಳಿದರೆ ಬೆಪ್ಪಾಗಿ ನಿಲ್ಲಬೇಕಷ್ಟೆ.

ನಾನು ಬಾಗಿಲಿಗೆ ಓಡಿದೆ. ಶ್ರುತಿ ಲೈನಿನ ಕೊನೆಯಲ್ಲಿ ಕಾಣುತ್ತಿದ್ದಳು. "ಶ್ರು..." ಅನ್ನುವಷ್ಟರಲ್ಲಿ ಅಮ್ಮ ಹಿಂದಿನಿಂದ ಬಂದು ನನ್ನ ಬಾಯಿ ಮುಚ್ಚಿದಳು. ಅವಳ ಕೈ ಅವರೆ ಸೊಗಡಿನ ವಾಸನೆ ಹೊಡೆಯುತ್ತಿತ್ತು. ನಾನು ಕೊಸರಾಡಿದೆ. ಎಪ್ಪತ್ತು ದಾಟಿದ ಹೆಂಗಸಿಗೆ ಅಷ್ಟು ಬಲ ಎಲ್ಲಿತ್ತೋ, ಶ್ರುತಿ ತಿರುವಿನಲ್ಲಿ ಮರೆಯಾಗುವ ತನಕ ಬಿಡಲಿಲ್ಲ.

"ನಿಂಗೇನ್ ಬಂದದೆ ರೋಗ?" ಅಂದೆ ಉಸಿರು ಬಿಟ್ಟುಕೊಂಡು.

"ಒಳ್ಳೆ ಕೆಲಸಕ್ಕೆ ಒಂಟೋರನ್ನ ಇಂದಲಿಂದ ಕರೀತಾರೇನೇ? ಲೈನಲ್ಲಿ ಉಟ್ಟಿ ಬೆಳ್ದೋಳು ನೀನು."

ಹೌದು, ಅದು ನನಗೆ ಗೊತ್ತಿಲ್ಲದ್ದಲ್ಲ. ಹೊರಟವರನ್ನು ಹಿಂದಿನಿಂದ ಕರೆಯಬಾರದು ಅನ್ನುವುದು ಎಲ್ಲ ಊರಲ್ಲೂ ಇದೆ. ನಮ್ಮ ಲೈನುಗಳಲ್ಲಿ ಅದು ಕಾನೂನಿನಂತೆ ಇತ್ತು. ಗಂಡಸರು ಶಿಫ್ಟಿಗೆ ಹೊರಟ ಮೇಲೆ, ಗಣಿಯ ಸಂಗು, ಅಂದರೆ ಸೈರನ್ನು, ಕೂಗುವವರೆಗೆ ಯಾವ ಹೆಂಗಸೂ ಅವರನ್ನು ಕೂಗುತ್ತಿರಲಿಲ್ಲ. ಕೆಳಗೆ ಭೂಮಿಯ ಹೊಟ್ಟೆಗೆ ಇಳಿಯುವವರು. ತಮಿಳಿನವರ ಮನೆಯಿರಲಿ, ತೆಲುಗಿನವರದಿರಲಿ, ನಮ್ಮದಿರಲಿ, ಎಲ್ಲರ ಬಾಯಲ್ಲೂ ಹೋಗಿಬರ್ತೀನಿ ಅನ್ನುವ ಒಂದೇ ಮಾತು. ಬುತ್ತಿಯೋ ಎಲೆಯಡಿಕೆ ಚೀಲವೋ ಮರೆತರೆ ಹೆಂಡತಿ ಹಿಂದಿನ ಸಂದಿಯಲ್ಲಿ ಓಡಿ, ಗಂಡನಿಗಿಂತ ಮುಂದೆ ಹೋಗಿ, ತಿರುಗಿ, ಎದುರಿನಿಂದ ಬಂದು ಕೊಡುತ್ತಿದ್ದಳು. ಅಮ್ಮ ಅದರಲ್ಲಿ ಗಟ್ಟಿಗಿತ್ತಿ. ಅಪ್ಪನಿಗೆ ಮರೆವು ಹೆಚ್ಚು, ಅಮ್ಮನ ಕಾಲು ಚುರುಕು.

ಇಷ್ಟು ಹೇಳಿದರೆ ಕೇಳಿದವರು ಅಪ್ಪ ಗಣಿಯಲ್ಲಿ ಸತ್ತರೇನೋ ಅಂದುಕೊಳ್ಳುತ್ತಾರೆ. ಇಲ್ಲ. ಒಂದೇ ಒಂದು ಸಲ ಅಮ್ಮ ಮರೆತು ಹಿಂದಿನಿಂದ ಕರೆದಳಂತೆ, ಅಪ್ಪ ವಾಪಸು ಬಂದು ನೀರು ಕುಡಿದು ಹೋಗುವಷ್ಟರಲ್ಲಿ ಲಿಫ್ಟು ಇಳಿದುಹೋಗಿ, ಆ ದಿನದ ಹಾಜರಿ ಹೋಯಿತಂತೆ. ಅಷ್ಟೇ. ಅದನ್ನೇ ಅಪ್ಪ ಸಾಯುವ ತನಕ ಹೇಳಿ ಹೇಳಿ ಅವಳನ್ನು ಗೋಳು ಹೊಯ್ದುಕೊಂಡರು.

"ಸರಿ, ಕೂಗಲ್ಲ. ಫೋನ್ ಮಾಡ್ತೀನಿ," ಅಂದೆ.

ಅಮ್ಮ ನನ್ನ ಫೋನು ಕಿತ್ತುಕೊಂಡು ಸೆರಗಿಗೆ ಗಂಟು ಹಾಕಿದಳು. "ಫೋನಲ್ಲಿ ಕರೆದ್ರೂ ಇಂದಲಿಂದ ಕರ್ದಂಗೇ."

ಅಷ್ಟರಲ್ಲಿ ಊರಿಗಾಂ ಸ್ಟೇಷನ್ನಿನ ಕಡೆಯಿಂದ ರೈಲು ಕೂಗಿತು. ಹಿಂದಿನ ಸಂದಿಯಲ್ಲಿ ಓಡುವ ಕಾಲ ಮುಗಿದಿತ್ತು. ಆದರೆ ನಮ್ಮ ರೈಲು ಬಂಗಾರಪೇಟೆಗೆ ಹೋಗುವ ಹೊತ್ತಿಗೆ ಎಲ್ಲ ಸ್ಟೇಷನ್ನಲ್ಲೂ ನಿಂತು ಕ್ಷೇಮ ವಿಚಾರಿಸಿಕೊಂಡು ಹೋಗುತ್ತದೆ, ಬಂಗಾರಪೇಟೆಯಲ್ಲಂತೂ ಬೇರೆ ಗಾಡಿಗೆ ದಾರಿ ಬಿಟ್ಟು ಕಾಯುತ್ತದೆ. ಅಮ್ಮ ಆಗಲೇ ಬೀದಿಗಿಳಿದು ಪಕ್ಕದ ಮನೆಯ ವೆಂಕಿಯ ಆಟೋ ಅಲುಗಾಡಿಸುತ್ತಿದ್ದಳು.

"ಬಂಗಾರಪೇಟೆ ಟೇಸನ್ಗೆ ಬಿಡಪ್ಪ. ರೈಲಿಗಿಂತ ಮುಂಚೆ ಓಗ್ಬೇಕು."

"ಕುಂತ್ಕೋ ಪಾಟಿ," ಅಂದ ವೆಂಕಿ. ಅವನ ಮನೆಮಾತು ತಮಿಳು, ಅಮ್ಮ ಅವನಿಗೆ ಅಜ್ಜಿಯಂತೆಯೇ. "ನಾನಿರೋವಾಗ ಬಯ ಯಾಕೆ?"

ನಾನೊಬ್ಬಳೇ ಹೋಗುತ್ತೇನೆ ಅಂದೆ. ಅಮ್ಮ ಒಪ್ಪಲಿಲ್ಲ. ನಾನು ದಾರಿಯಲ್ಲಿ ವೆಂಕಿಯ ಫೋನಿಂದ ಕರೆಯುತ್ತೇನೆ ಅನ್ನುವ ಅನುಮಾನ ಅವಳಿಗೆ. ಅನುಮಾನ ಸರಿಯಾಗೇ ಇತ್ತು. ಕನ್ನಡಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವಳು ದಾರಿಯುದ್ದಕ್ಕೂ ಮುಂದಕ್ಕೆ ಬಗ್ಗಿ ಕೂತಿದ್ದಳು. ಗಣಿಯ ಕಸದ ಮಣ್ಣಿನ ಸಯನೈಡ್ ದಿಬ್ಬಗಳು ದಾಟಿದವು, ರೈಲ್ವೆ ಗೇಟು ಸಿಕ್ಕಿತು, ಗೇಟು ಹಾಕಿತ್ತು. ಹಾದುಹೋದದ್ದು ನಮ್ಮ ರೈಲೇ. ವೆಂಕಿ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈದ. ಅಮ್ಮ ಕಣ್ಣು ಮುಚ್ಚಿ ಏನೋ ಹರಕೆ ಹೊತ್ತುಕೊಂಡಳು. ಗೇಟು ತೆಗೆದ ಮೇಲೆ ಆಟೋ ಓಡಿದ ಪರಿಗೆ ನಾನೂ ಒಂದು ಹರಕೆ ಹೊತ್ತುಕೊಂಡೆ.

ಬಂಗಾರಪೇಟೆ ಸ್ಟೇಷನ್ನಿನ ಮುಂದೆ ಇಳಿಯುವಾಗ ರೈಲು ಮೊದಲನೇ ಪ್ಲಾಟ್‌ಫಾರಮ್ಮಿನಲ್ಲಿ ನಿಂತಿತ್ತು. ಯಾವುದೋ ಎಕ್ಸ್‌ಪ್ರೆಸ್ಸಿಗೆ ಕಾಯುತ್ತಿದೆ ಅಂತ ಮೈಕಿನಲ್ಲಿ ಹೇಳುತ್ತಿದ್ದರು. ನಾನು ಅಮ್ಮನ ಕೈ ಹಿಡಿದು ಎಳೆದೆ. ಅವಳು ಆಟೋದಿಂದ ಇಳಿಯಲಿಲ್ಲ.

"ನೀನು ಓಗಿ ಕೊಡು. ಎದುರಿಂದ ಓಗು. ನಗ್ತಾ ಕೊಡು." ನನ್ನ ಹಣೆ ನೋಡಿ, ಕದಡಿದ್ದ ಕುಂಕುಮವನ್ನು ಬೆರಳಲ್ಲಿ ಸರಿಮಾಡಿದಳು. "ನಾನು ಬಂದಿದೀನಿ ಅಂತ ಯೋಳ್ಬೇಡ."

"ಯಾಕೆ? ಇಷ್ಟು ದೂರ ಬಂದೋಳು ನೀನೇ ಕೊಡು."

"ಲೇ, ಮುಂಡೆ ಮುಖ ನೋಡ್ಕಂಡು ಓಗ್ಬೇಕಾ ಅವಳು ಅಷ್ಟು ದೊಡ್ಡ ಕೆಲಸಕ್ಕೆ?"

ಈ ಮಾತನ್ನು ಅಮ್ಮ ಉಪ್ಪು ಜಾಸ್ತಿಯಾಯಿತು ಅನ್ನುವ ಹಾಗೆ ಅಂದಳು, ಸಂಕಟವಿಲ್ಲದೆ, ಸಿಟ್ಟಿಲ್ಲದೆ. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಜಗಳಕ್ಕೆ ಹೊತ್ತಿರಲಿಲ್ಲ. ಕನ್ನಡಕ ಕಿತ್ತುಕೊಂಡು ಓಡಿದೆ.

ಹೆಂಗಸರ ಡಬ್ಬಿಯ ಕಿಟಕಿಯಲ್ಲಿ ಶ್ರುತಿ ಚೀಲವನ್ನೆಲ್ಲ ತೊಡೆಯ ಮೇಲೆ ಸುರಿದುಕೊಂಡು ಹುಡುಕುತ್ತಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು. ನಾನು ಎಂಜಿನ್ನಿನ ಕಡೆಯಿಂದ, ಎದುರಿನಿಂದಲೇ ಬಂದು, ಹೇಳಿಸಿಕೊಂಡ ಪ್ರಕಾರ ಹಲ್ಲು ಕಿರಿದು ಕನ್ನಡಕ ಚಾಚಿದೆ. ಅವಳು ಅದನ್ನು ಎದೆಗೆ ಒತ್ತಿಕೊಂಡು ಅತ್ತೇಬಿಟ್ಟಳು.

"ಅತ್ತಿಗೆ, ನೀವಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತು? ಮನೆಗೆ ಫೋನ್ ಮಾಡೋಣ ಅಂದ್ಕೊಂಡೆ. ಅತ್ತೆ ಎತ್ತಿದ್ರೆ ಏನನ್ನೋದು ಅಂತ ಸುಮ್ನಾದೆ. ಅವ್ರಿಗೆ ನಾನು ಓದೋದೇ ಇಷ್ಟ ಇಲ್ಲ. ನಾಲ್ಕು ವರ್ಷದಿಂದ ನಾನು ಹೊರಡೋ ಹೊತ್ತಿಗೆ ಒಂದು ದಿನಾನೂ ಮುಖ ತೋರ್ಸಿಲ್ಲ."

ನಾನು ಬೆಪ್ಪಾದೆ. ಇವಳಿಗೆ ತಿಳಿದಿರಲಿಲ್ಲ! ಲೈನಿನ ಚಿಕ್ಕ ಮಕ್ಕಳಿಗೂ ಗೊತ್ತಿರುವುದು, ಅಷ್ಟು ಭಾಷೆ ಓದಿದವಳಿಗೆ ತಿಳಿದಿರಲಿಲ್ಲ. ತುಮಕೂರಿನ ಅವರ ಮನೆಯಲ್ಲಿ ಇಂಥದ್ದೆಲ್ಲ ಇರಲಿಲ್ಲವೇನೋ. ಯೋಳ್ಬೇಡ ಅಂದಿದ್ದ ಅಮ್ಮನ ಮಾತು ಮರೆತು ನಾನು ಕೂಗಾಡಿಬಿಟ್ಟೆ.

"ಇಷ್ಟ ಇಲ್ವಾ? ಗಂಡ ಸತ್ತೋಳು ಎದುರಿಗೆ ಬಂದ್ರೆ ನಿನ್ ಕೆಲಸ ಕೆಡ್ತದೆ ಅಂತ ಇತ್ಲಿಗೆ ಓಗಿ ಕುಂತ್ಕತಾಳೆ ಕಣೇ! ನೀನು ಬೀದಿಗಿಳಿಯೋಗಂಟ ಅಲ್ಲೇ ನಿಂತಿರ್ತಾಳೆ. ಈಗ್ಲೂ ಆಚೆ ಆಟೋದಲ್ಲಿ ಬಚ್ಚಿಟ್ಕೊಂಡವ್ಳೆ!"

ಶ್ರುತಿ ಚೀಲ ಅಲ್ಲೇ ಬಿಟ್ಟು ಇಳಿದಳು. ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ನೋಡ್ಕೊಳ್ಳಿ ಅಂದಳೋ ಇಲ್ಲವೋ, ನನಗೆ ಕೇಳಿಸಲಿಲ್ಲ. ರೇಷ್ಮೆ ಅಂಚಿನ ಸೀರೆ ಎತ್ತಿಕೊಂಡು ಗೇಟಿನ ಕಡೆ ಓಡಿದಳು, ಹಿಂದೆ ನಾನು.

ಅಮ್ಮ ಅವಳನ್ನು ಕಂಡಿದ್ದೇ ಸೆರಗು ಮುಖಕ್ಕೆ ಎಳೆದುಕೊಂಡು ಆಟೋದ ಆ ಕಡೆಗೆ ತಿರುಗಿದಳು. ಶ್ರುತಿ ಆಟೋ ಸುತ್ತಿ ಆ ಕಡೆ ಹೋದಳು. ಅಮ್ಮ ಈ ಕಡೆ ತಿರುಗಿದಳು. ಶ್ರುತಿ ಮತ್ತೆ ಈ ಕಡೆ ಬಂದಳು. ವೆಂಕಿ ಕನ್ನಡಿಯಲ್ಲಿ ನೋಡುತ್ತಾ ನಗುತ್ತಿದ್ದ. ಆಚೆಯ ಹಳಿಯ ಮೇಲೆ ಎಕ್ಸ್‌ಪ್ರೆಸ್ಸು ಧಡಧಡನೆ ಹಾದುಹೋಯಿತು. ಇನ್ನು ಇವರ ರೈಲು ಬಿಡಬೇಕು.

"ಓಗಮ್ಮ, ಗಾಡಿ ಬಿಡ್ತದೆ, ಓಗು," ಅಮ್ಮ ಸೆರಗಿನೊಳಗಿಂದಲೇ ಅಂಗಲಾಚಿದಳು.

"ನೀವು ಎದುರಿಗೆ ಬರೋ ತನಕ ನಾನು ಹತ್ತಲ್ಲ ಅತ್ತೆ."

"ಏನಾರ ಎಚ್ಚುಕಮ್ಮಿ ಆದ್ರೆ ನನ್ ತಲೆಗೆ ಬತ್ತದೆ."

"ಬರ್ಲಿ. ಇಬ್ರೂ ಹಂಚ್ಕೊಳ್ಳೋಣ. ನಾಲ್ಕು ವರ್ಷ ಒಂದು ಮಾತನ್ನ ಓದಿದೀನಿ. ಎದುರಿಗೆ ಬರೋರ ಮುಖ ನೋಡಿದ್ರೆ ಕೆಟ್ಟು ಹೋಗೋ ಓದಾದ್ರೆ, ಅದು ಕೆಟ್ಟೇ ಹೋಗ್ಲಿ."

ಅಷ್ಟು ಹೇಳಿದವಳೇ ಆಟೋದೊಳಗೆ ಬಗ್ಗಿದಳು. ಅಮ್ಮನ ತೋಳು ಹಿಡಿದು ಇಳಿಸಿ, ಪ್ಲಾಟ್‌ಫಾರಮ್ಮಿಗೆ ಕರೆತಂದು, ಡಬ್ಬಿಯ ಬಾಗಿಲಿನಿಂದ ಸ್ವಲ್ಪ ದೂರದಲ್ಲಿ ನಿಲ್ಲಿಸಿದಳು. ತಾನು ಬಾಗಿಲ ಹತ್ತಿರ ಹೋಗಿ ನಿಂತಳು. "ಈಗ ಬನ್ನಿ," ಅಂದಳು.

ಸಿಗ್ನಲ್ಲು ಬಿದ್ದಿತ್ತು. ಡಬ್ಬಿಯ ಹೆಂಗಸರೆಲ್ಲ ಕಿಟಕಿಯಲ್ಲಿ ಮುಖ ಇಟ್ಟಿದ್ದರು. ಅಮ್ಮ ಸೆರಗು ಸರಿಸಿದಳು, ಬೋಳು ಹಣೆ ಬಿಸಿಲಿಗೆ ಬಂತು. ಮೊದಲ ಹೆಜ್ಜೆಗೆ ಕಾಲು ತೊಡರಿತು. ಆಮೇಲೆ ನಡೆದಳು, ನೆಲ ನೋಡುತ್ತಾ ಬಂದವಳು ಕೊನೆಗೆ ಸೊಸೆಯ ಮುಖ ನೋಡಿದಳು. ಶ್ರುತಿ ಅವಳ ಕೈಯನ್ನು ಕಣ್ಣಿಗೊತ್ತಿಕೊಂಡು, ಇಷ್ಟು ವರ್ಷ ಅವಳ ಬಾಯಲ್ಲಿ ಬಾರದ ನಮ್ಮ ಕಡೆಯ ಮಾತಲ್ಲಿ, "ಬತ್ತೀನಿ ಅತ್ತೆ," ಅಂದು ಹತ್ತಿದಳು. ರೈಲು ಹೊರಟಿತು.

ಆ ದಿನ ಅಮ್ಮ ಊಟ ಮಾಡಲಿಲ್ಲ. ನಾನು ಮಾಡಿದ ಹಿತಕಿದಬೇಳೆ ಸಾರು ಹಾಗೇ ಇತ್ತು. ಮಧ್ಯಾಹ್ನ ಫೋನು ಬಂದಾಗ ನನ್ನ ಕೈಗೆ ಕೊಟ್ಟು ತಾನು ದೂರ ನಿಂತಳು. ಅದು ಯಾವುದೋ ಕಂಪನಿಯ ಫೋನು. ಶ್ರುತಿ ಬೇಕೆಂದೇ ಫೋನು ಮಾಡಿರಲಿಲ್ಲ. ಮನೆಗೆ ಬಂದೇ ಹೇಳಬೇಕು ಅಂತಿದ್ದಳಂತೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದಳು. ಅಮ್ಮ ಬಾಗಿಲಲ್ಲೇ ಇದ್ದಳು.

"ಆಯ್ತು ಅತ್ತೆ. ಡಾಕ್ಟರ್ ಆದೆ. ಎರಡು ಕಡೆ ತಿದ್ದಿಕೊಡು ಅಂದಿದಾರೆ, ಅಷ್ಟೇ."

"ಎರಡು ಕಡೆ ತಪ್ಪಾಯ್ತಾ?" ಅಮ್ಮನ ಮುಖ ಇಳಿಯಿತು. "ಅದು ನನ್ನಿಂದಾನೇ."

"ಅದು ಪುಟದ ನಂಬರ್ ತಪ್ಪು. ಅದನ್ನ ನಾನು ಆರು ತಿಂಗಳ ಹಿಂದೆನೇ ಮಾಡಿದ್ದು," ಅಂತ ಶ್ರುತಿ ಅಮ್ಮನ ಎದುರು ತಟ್ಟೆ ಇಟ್ಟು ಸಾರು ಬಡಿಸಿದಳು. ಅಮ್ಮ ಎರಡು ಮುದ್ದೆ ಉಂಡಳು.

ಮರುದಿನ ನಾನು ಊರಿಗೆ ಹೊರಡಬೇಕಿತ್ತು, ಹಸುಗಳು ಕಾಯುತ್ತಿದ್ದವು. ಖಾಲಿ ಚೀಲ ಮಡಚಿಕೊಂಡು ಅಭ್ಯಾಸಬಲದಿಂದ ಹಿತ್ತಲ ಕಡೆ ತಿರುಗಿ, "ಅಮ್ಮಾ, ಬತ್ತೀನಿ," ಅಂತ ಕೂಗಿದೆ. ಆರು ವರ್ಷದಿಂದ ಹಾಗೇ ಕೂಗುತ್ತಿದ್ದೆ. ಊಂ ಅಂತ ಬರುತ್ತಿತ್ತು, ನಾನು ಹೊರಡುತ್ತಿದ್ದೆ. ಅಪ್ಪ ಹೋದ ಮೇಲೆ ನನ್ನ ತಾಯಿ ನನ್ನನ್ನೂ ಒಂದು ದಿನವೂ ಎದುರು ನಿಂತು ಕಳಿಸಿಕೊಟ್ಟಿರಲಿಲ್ಲ. ನಿನ್ನೆ ಅವಳಿಗಾಗಿ ಅಷ್ಟು ಕೂಗಾಡಿದವಳಿಗೆ ಇದು ನನ್ನದೂ ಹೌದು ಅಂತ ಹೊಳೆದಿರಲಿಲ್ಲ.

ಹಿತ್ತಲಿನಿಂದ ಉತ್ತರ ಬರಲಿಲ್ಲ. ಬಾಗಿಲು ದಾಟಿ ಬೀದಿಗೆ ಬಂದೆ. ಅಮ್ಮ ಹಿಂದಿನ ಸಂದಿಯಿಂದ ಹೋಗಿ ಲೈನಿನ ಕೊನೆ ಸೇರಿದ್ದಳು. ಅಲ್ಲಿಂದ ತಿರುಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಏದುಸಿರು ಬಿಡುತ್ತಾ, ನನ್ನ ಎದುರಿಗೆ ಬರುತ್ತಿದ್ದಳು. ಕೈಯಲ್ಲಿ ಕೊಡುವುದಕ್ಕೆ ಏನೂ ಇರಲಿಲ್ಲ. ನಾನು ಏನನ್ನೂ ಮರೆತಿರಲಿಲ್ಲ.